ಹಗುರವಾದ, ಸ್ಕೂಲ್ ಪ್ರೀತಿಯ ಚೈನೀಸ್ ಸೀರಿಯಲ್ ಯಾವುದು ನೋಡಲಿ?

ಅತ್ತೆ-ಸೊಸೆ ಜಗಳ, ಸೇಡು-ಗೀಡು ಏನೂ ಇಲ್ಲದ, ಮೊದಲ ಪ್ರೀತಿಯ ಚೈನೀಸ್ ಸೀರಿಯಲ್ ಒಂದು ಹೇಳಿ ಅಂತ ಕೇಳಿದ್ದೀರಿ. ಕಣ್ಣು ಮುಚ್ಚಿಕೊಂಡು 'ವಿತ್ ಯು' ನೋಡಿ. 2016ರದ್ದು, 24 ಎಪಿಸೋಡ್ ಅಷ್ಟೇ.

ಕಥೆ ಶುರುವಾಗುವುದು 2003ರಲ್ಲಿ, ಚೀನಾದಲ್ಲಿ ಸಾರ್ಸ್ ಅನ್ನುವ ಉಸಿರಾಟದ ಸಾಂಕ್ರಾಮಿಕ ಕಾಯಿಲೆ ಹರಡಿದ ವರ್ಷ. ಓದಿನಲ್ಲಿ ಸಾಧಾರಣ ಅನ್ನಬಹುದಾದ ಹುಡುಗಿ ಗೆಂಗ್ ಗೆಂಗ್, ಅದೃಷ್ಟ ಖುಲಾಯಿಸಿ ಝೆನ್‌ಹುವಾ ಅನ್ನುವ ದೊಡ್ಡ ಹೆಸರಿನ ಹೈಸ್ಕೂಲಿಗೆ ಸೇರುತ್ತಾಳೆ. ಪಕ್ಕದ ಸೀಟಿಗೆ ಯೂ ಹುವಾಯ್. ಫಿಸಿಕ್ಸ್‌ನಲ್ಲಿ ಹುಲಿ, ಬಾಯಿ ಮಾತ್ರ ಸುಮ್ನೆ ಇರಲ್ಲ. ಇವರಿಬ್ಬರ ಹೆಸರನ್ನು ಒಟ್ಟಿಗೆ ಹೇಳಿ ನೋಡಿ: ಗೆಂಗ್‌ಗೆಂಗ್ ಯೂಹುವಾಯ್. ಚೈನೀಸಿನಲ್ಲಿ ಅದೇ ಒಂದು ನುಡಿಗಟ್ಟು, ಯಾವುದೋ ವಿಷಯ ಮನಸ್ಸಿನಿಂದ ಹೋಗದೆ ಒಳಗೇ ಕೊರೆಯುತ್ತಿರುವುದು ಅಂತ ಅರ್ಥ. ನನಗೆ ಇದು ಗೊತ್ತಾಗಿದ್ದು ಅರ್ಧ ಸೀರಿಯಲ್ ಮುಗಿದ ಮೇಲೆ, ಆಮೇಲೆ ತಡೆಯಲಾಗದೆ ಮತ್ತೆ ಮೊದಲಿಂದ ಶುರು ಮಾಡಿದೆ!

ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ಇದರಲ್ಲಿ ಡ್ಯೂಯೆಟ್ಟೂ ಇಲ್ಲ, ಯಾರೂ ಬೇಗ ಬಾಯಿಬಿಟ್ಟು ಪ್ರೀತಿ ಅನ್ನುವುದೂ ಇಲ್ಲ. ಅಲ್ಲಿ ಸ್ಕೂಲ್ ವಯಸ್ಸಿನ ಪ್ರೀತಿಗೆ 'ಝಾವೊಲಿಯೆನ್' ಅಂತಾರೆ, ಹೊತ್ತಿಗೆ ಮುಂಚೆ ಬಂದದ್ದು ಅಂತ. ಮೇಷ್ಟ್ರಿಗೂ ಅಪ್ಪ ಅಮ್ಮನಿಗೂ ಅದು ಕಾಯಿಲೆ ಇದ್ದ ಹಾಗೆ. ಸಾಲದ್ದಕ್ಕೆ ಗಾವೊಕಾವೊ, ಜೂನ್‌ನಲ್ಲಿ ನಡೆಯುವ ಕಾಲೇಜು ಪ್ರವೇಶ ಪರೀಕ್ಷೆ, ಮೂರು ವರ್ಷ ತಲೆ ಮೇಲೆ ಕೂತಿರುತ್ತದೆ. ಹಾಗಾಗಿ ಪ್ರೀತಿಯೆಲ್ಲ ಬೆಂಚಿನ ಮೇಲೇ: ಅವನು ಲೆಕ್ಕ ಹೇಳಿಕೊಡುವುದು, ಇವಳು ಅರ್ಥವಾದ ಹಾಗೆ ತಲೆ ಆಡಿಸುವುದು. ಆರ್ಟ್ಸಾ ಸೈನ್ಸಾ ಅಂತ ಆರಿಸಿಕೊಳ್ಳುವಾಗ, ಸೈನ್ಸ್ ತಲೆಗೆ ಹತ್ತದಿದ್ದರೂ ಅವಳು ಅದನ್ನೇ ಹಿಡಿದು ಕೂರುತ್ತಾಳೆ. ಯಾಕೆ ಅಂತ ಯಾರಿಗೂ ಹೇಳಬೇಕಾಗಿಲ್ಲ, ಅಲ್ವಾ? ಹುಡುಗರದೊಂದು ಸಾಲು, ಹುಡುಗಿಯರದೊಂದು ಸಾಲು ಅಂತ ಕೂತು ಓದಿದ ನನಗೆ ಆ ಬೆಂಚ್ ನೋಡಿಯೇ ಹೊಟ್ಟೆಕಿಚ್ಚು.

ಅಂದ ಹಾಗೆ, ನಾಯಕಿ ಟಾನ್ ಸೊಂಗ್‌ಯುನ್ ಹುಟ್ಟಿದ್ದು 1990ರಲ್ಲಿ, ನಾಯಕ ಲಿಯು ಹಾವೊರಾನ್ 1997ರಲ್ಲಿ. ನೋಡಿದರೆ ನಂಬುವುದಕ್ಕೇ ಆಗಲ್ಲ.

ಎಲ್ಲರೂ ದೊಡ್ಡವರಾದ ಮೇಲಿನ ಕೊನೆಯ ಎಪಿಸೋಡ್‌ಗಳು ಮಾತ್ರ ನನಗೆ ಅಷ್ಟಾಗಿ ಹಿಡಿಸಲಿಲ್ಲ, ಯೂ ಹುವಾಯ್‌ನನ್ನು ಬೈದುಕೊಂಡೇ ನೋಡಿ ಮುಗಿಸಿದೆ. ಇನ್ನೂ ಹಗುರ ಬೇಕು ಅಂದರೆ 2017ರ 'ಎ ಲವ್ ಸೋ ಬ್ಯೂಟಿಫುಲ್' ಇದೆ, ಅಲ್ಲಿ ಹುಡುಗಿಯೇ ಹುಡುಗನ ಹಿಂದೆ ಬೀಳುತ್ತಾಳೆ. ಆ ಹುಡುಗ ಸ್ವಲ್ಪ ಜಾಸ್ತಿ ಬಿಗಿ. ನನಗೆ ಯೂ ಹುವಾಯ್‌ನ ವಟವಟವೇ ಇಷ್ಟ.