ಟ್ಯಾಲಿಗೆ ಗ್ರಾಫಿಕ್ಸ್ ಕಾರ್ಡ್ ಯಾಕೆ ಸರ್?

ಸರ್, ದಾವಣಗೆರೆ ಎಪಿಎಂಸಿಯಲ್ಲಿ ಮೆಕ್ಕೆಜೋಳದ ಮಂಡಿ, ಟ್ಯಾಲಿ ಲೆಕ್ಕ, ನುಡಿ ತಂತ್ರಾಂಶದಲ್ಲಿ ಕನ್ನಡ ಪತ್ರ, ಸಂಜೆ ಮಗಳ ಪಿಯುಸಿ ವಿಡಿಯೋ ಪಾಠ. ಇಷ್ಟಕ್ಕೆ ಎಪ್ಪತ್ತು ಸಾವಿರದ ಗೇಮಿಂಗ್ ಲ್ಯಾಪ್‌ಟಾಪ್ ಬೇಕಾ ಅಂತ ಕೇಳಿದ್ದೀರಿ. ಬೇಡ. ಅಂಗಡಿಯವರು ಹೊಗಳಿದ ಆ ಗ್ರಾಫಿಕ್ಸ್ ಕಾರ್ಡಿಗೆ ನಿಮ್ಮ ಮಂಡಿಯಲ್ಲಿ ಕೆಲಸವೇ ಇಲ್ಲ.

ದಿನಾ ಮಂಡಿಯಿಂದ ಮನೆಗೆ ಹೊತ್ತು ತರೋದಾದ್ರೆ ಲ್ಯಾಪ್‌ಟಾಪ್ ಸರಿ, ಇಲ್ಲಾಂದ್ರೆ ಡೆಸ್ಕ್‌ಟಾಪ್ ಜೊತೆ ಯುಪಿಎಸ್. ಪ್ರೊಸೆಸರ್ ಐ3 ಅಥವಾ ರೈಜನ್ 3, ಜೊತೆಗೆ 8 ಜಿಬಿ ರ್ಯಾಮ್ ಧಾರಾಳ. ಮುಂದೆ 16ಕ್ಕೆ ಏರಿಸಬಹುದಾ ಅಂತ ಈಗಲೇ ಕೇಳಿ; ಕೆಲವು ಲ್ಯಾಪ್‌ಟಾಪಲ್ಲಿ ರ್ಯಾಮ್ ಬೋರ್ಡಿಗೇ ಬೆಸುಗೆ ಹಾಕಿರ್ತಾರೆ. ಎಸ್‌ಎಸ್‌ಡಿ, ಅಂದ್ರೆ ಹಾರ್ಡ್ ಡಿಸ್ಕ್ ಬದಲು ಬರೋ ವೇಗದ ಸ್ಟೋರೇಜ್, ಅದನ್ನ ಮಾತ್ರ ಬಿಡಲೇಬೇಡಿ. ನನ್ನ ಹಳೇ ಡೆಸ್ಕ್‌ಟಾಪ್ ಆನ್ ಮಾಡಿ, ಹೋಗಿ ಮಂಡಕ್ಕಿ ಮಿರ್ಚಿ ತಿಂದು ಬರೋಷ್ಟು ಹೊತ್ತು ಹಿಡೀತಿತ್ತು. ಹಾರ್ಡ್ ಡಿಸ್ಕ್ ತೆಗೆಸಿ ಎಸ್‌ಎಸ್‌ಡಿ ಹಾಕಿಸಿದೆ, ಮಿರ್ಚಿ ತಪ್ಪಿತು!

ಸೆಕೆಂಡ್ ಹ್ಯಾಂಡ್ ಆದ್ರೆ ಇಂಟೆಲ್ 8ನೇ ಜನರೇಷನ್ ಪ್ರೊಸೆಸರ್‌ಗಿಂತ ಹಳೇದು ಬೇಡ. ಅಂಥವಕ್ಕೆ ವಿಂಡೋಸ್ 11 ಅಧಿಕೃತವಾಗಿ ಸಿಗೋದು ಕಷ್ಟ, ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೇ ಮುಗಿದಿದೆ.

ಉಳಿದ ದುಡ್ಡಲ್ಲಿ ಟ್ಯಾಲಿ ಬ್ಯಾಕಪ್‌ಗೆ ಒಂದು ಎಕ್ಸ್‌ಟರ್ನಲ್ ಡಿಸ್ಕ್ ತಗೊಳ್ಳಿ, ಮಂಡಿಯಲ್ಲಲ್ಲ, ಮನೇಲಿಡಿ.