ಹಗಲಲ್ಲೇ ಓಡಾಡುವ ರಕ್ತಪಿಶಾಚಿ: ಓದುಗರ ಪ್ರಶ್ನೆ, ನಮ್ಮ ಉತ್ತರ

ಹೋದ ಸಲ ಹಳೇ ದೆವ್ವದ ಸಿನಿಮಾಗಳ ಬಗ್ಗೆ ಸುಮ್ನೆ ನಾಲ್ಕು ಸಾಲು ಬರೆದಿದ್ದೆ. ಅದಕ್ಕೆ ಬಂದ ಪ್ರಶ್ನೆಗಳೇ ಇಡೀ ಅಂಕಣ ತುಂಬುವಷ್ಟಿವೆ. ಮಂಡಿನೋವು, ಮನೆಸಾಲದ ಪ್ರಶ್ನೆ ಕಳಿಸಿದವರು ದಯವಿಟ್ಟು ಮುಂದಿನ ಸಂಚಿಕೆವರೆಗೆ ತಡೆದುಕೊಳ್ಳಿ.

ಪ್ರಶ್ನೆ: ಪ್ರಪಂಚದ ಮೊಟ್ಟಮೊದಲ ದೆವ್ವದ ಸಿನಿಮಾ ಯಾವುದು ಸಾರ್? ಒಬ್ಬೊಬ್ಬರು ಒಂದೊಂದು ಹೆಸರು ಹೇಳ್ತಾರೆ. (ದಾವಣಗೆರೆ)

ಜಾಸ್ತಿ ಜನ ಹೇಳುವುದು ಫ್ರಾನ್ಸಿನ ಜಾರ್ಜ್ ಮೆಲಿಯೆಸ್ 1896ರಲ್ಲಿ ಮಾಡಿದ ಮೂರು ನಿಮಿಷದ ಚಿತ್ರ. ಹೆಸರನ್ನು ಕನ್ನಡಕ್ಕೆ ತಂದರೆ ‘ಸೈತಾನನ ಬಂಗಲೆ’. ಒಂದು ಬಾವಲಿ ಹಾರಿ ಬರುತ್ತದೆ, ಪಟ್ ಅಂತ ಸೈತಾನ ಆಗುತ್ತದೆ. ಕೊಪ್ಪರಿಗೆಯಿಂದ ಒಬ್ಬ ಹೆಂಗಸು ಎದ್ದು ಬರುತ್ತಾಳೆ. ಅಸ್ಥಿಪಂಜರವೂ ಬರುತ್ತದೆ. ಕೊನೆಗೆ ಒಬ್ಬ ಶಿಲುಬೆ ಎತ್ತಿ ಹಿಡಿದಾಗ ಸೈತಾನ ಮಾಯ.

ಆದರೆ ಜನ ಹೆದರಲಿ ಅಂತ ಮೆಲಿಯೆಸ್ ಇದನ್ನು ಮಾಡಿದ್ದಲ್ಲ. ಆತ ಪ್ಯಾರಿಸ್ಸಿನಲ್ಲಿ ಸ್ವಂತ ರಂಗಮಂದಿರ ಇಟ್ಟುಕೊಂಡಿದ್ದ ಜಾದೂಗಾರ. ಜನ ‘ಅಯ್ಯೋ’ ಅನ್ನುವುದಕ್ಕಿಂತ ‘ಅರೆ, ಹೇಗಪ್ಪಾ ಮಾಡಿದ’ ಅನ್ನಬೇಕು, ಅದು ಅವನ ಆಸೆ. ಗುಟ್ಟು ಇಷ್ಟೇ. ಕ್ಯಾಮೆರಾ ನಿಲ್ಲಿಸುವುದು, ಬಾವಲಿ ತೆಗೆದು ಆ ಜಾಗದಲ್ಲಿ ನಟನನ್ನು ನಿಲ್ಲಿಸುವುದು, ಮತ್ತೆ ತಿರುಗಿಸುವುದು. ಬೀದಿಯಲ್ಲಿ ಚಿತ್ರ ತೆಗೆಯುವಾಗ ಕ್ಯಾಮೆರಾ ಒಂದು ಗಳಿಗೆ ಕಚ್ಚಿಕೊಂಡಿತು, ಆಮೇಲೆ ರೀಲು ಹಾಕಿ ನೋಡಿದರೆ ಜನ ತುಂಬಿದ ಬಂಡಿ ಇದ್ದಕ್ಕಿದ್ದಂತೆ ಹೆಣದ ಗಾಡಿ ಆಗಿತ್ತು, ಅಲ್ಲಿಂದಲೇ ಈ ಉಪಾಯ ಹೊಳೆಯಿತು ಅಂತ ಅವನೇ ಹೇಳಿಕೊಂಡಿದ್ದಾನೆ. ಜಾದೂಗಾರನ ಮಾತು, ಎಷ್ಟು ನಂಬುತ್ತೀರೋ ನಿಮಗೆ ಬಿಟ್ಟಿದ್ದು. ಯಾಕೆಂದರೆ ಅಮೆರಿಕದಲ್ಲಿ ಎಡಿಸನ್ ಕಂಪನಿಯವರು 1895ರಲ್ಲೇ ಸ್ಕಾಟ್ಲೆಂಡಿನ ರಾಣಿ ಮೇರಿಯ ತಲೆ ಕಡಿಯುವ ದೃಶ್ಯವನ್ನು ಇದೇ ಉಪಾಯದಿಂದ ತೆಗೆದಿದ್ದರು. ಕೊಡಲಿ ಎತ್ತುವವರೆಗೆ ನಟ, ಬೀಳುವಾಗ ಗೊಂಬೆ.

ಪ್ರಶ್ನೆ: ತೆರೆಯ ಮೇಲೆ ರೈಲು ಬರುವುದನ್ನು ನೋಡಿ ಜನ ಎದ್ದು ಓಡಿದರಂತೆ, ನಿಜಾನಾ? (ಹಾಸನ)

ಓಡಿದರು ಅನ್ನುವುದಕ್ಕೆ ಗಟ್ಟಿ ಸಾಕ್ಷಿ ಯಾವುದೂ ಸಿಕ್ಕಿಲ್ಲ. ಕಥೆ ಮಾತ್ರ ರೈಲಿಗಿಂತ ಜೋರಾಗಿ ಓಡಿದೆ.

ಪ್ರಶ್ನೆ: ‘ನೊಸ್ಫೆರಾಟು’ ಯೂಟ್ಯೂಬಲ್ಲಿ ನೋಡಿದೆ. ರಕ್ತಪಿಶಾಚಿ ಶವಪೆಟ್ಟಿಗೆ ಕಂಕುಳಲ್ಲಿ ಇಟ್ಟುಕೊಂಡು ಹಾಡಹಗಲಲ್ಲೇ ಬೀದಿಯಲ್ಲಿ ನಡೆಯುತ್ತಾನೆ. ಕ್ಲೈಮ್ಯಾಕ್ಸಲ್ಲಿ ಬಿಸಿಲು ಬಿತ್ತು ಅಂತ ಸತ್ತೇಹೋಗುತ್ತಾನೆ! ನಿರ್ದೇಶಕರಿಗೆ ಅಷ್ಟೂ ಗೊತ್ತಾಗಲಿಲ್ವಾ? (ಶಿವಮೊಗ್ಗ)

ಈ ಸಲದ ಒಳ್ಳೇ ಪ್ರಶ್ನೆ ಇದೇ. ತಪ್ಪು ನಿರ್ದೇಶಕ ಮುರ್ನೌ ಅವರದ್ದಲ್ಲ, ನೀವು ನೋಡಿದ ಕಾಪಿಯದ್ದು.

1922ರಲ್ಲಿ ಈ ಜರ್ಮನ್ ಮೂಕಿಚಿತ್ರ ಬಂದ ಕಾಲಕ್ಕೆ ಹೊರಗಡೆ ರಾತ್ರಿ ಹೊತ್ತು ಶೂಟಿಂಗ್ ಮಾಡುವುದು ಬಹಳ ಕಷ್ಟ. ಆಗಿನ ಫಿಲ್ಮಿಗೆ ರಾಶಿ ಬೆಳಕು ಬೇಕಿತ್ತು. ಅದಕ್ಕೇ ಹಗಲಲ್ಲೇ ತೆಗೆದು, ಆಮೇಲೆ ಪ್ರಿಂಟಿನ ಆ ತುಂಡನ್ನು ನೀಲಿ ಬಣ್ಣದ ನೀರಿನಲ್ಲಿ ಅದ್ದಿ ತೆಗೆಯುತ್ತಿದ್ದರು. ನೀಲಿ ಅಂದರೆ ರಾತ್ರಿ. ದೀಪ ಹಚ್ಚಿದ ಕೋಣೆಗೆ ಹಳದಿ, ಬೆಳಗಿನ ಜಾವಕ್ಕೆ ಗುಲಾಬಿ. ಆ ಕಾಲದ ಪ್ರೇಕ್ಷಕರಿಗೆ ಇದು ನೀರು ಕುಡಿದಷ್ಟು ಸಲೀಸು, ತೆರೆ ನೀಲಿ ಆಯ್ತಾ, ಸರಿ, ಕತ್ತಲಾಯ್ತು. ಮುಂದೆ ಕಾಪಿಯ ಕಾಪಿ ಮಾಡುವವರು ಬರೀ ಕಪ್ಪುಬಿಳುಪಿನಲ್ಲಿ ಮಾಡಿಕೊಂಡರು. ನೀಲಿ ಹೋಯಿತು, ಅದರ ಜೊತೆ ರಾತ್ರಿಯೂ ಹೋಯಿತು. ಪಾಪ, ಪಿಶಾಚಿ ಬಿಸಿಲಲ್ಲಿ ನಿಂತ. ಪ್ಯಾರಿಸ್ಸಿನಲ್ಲಿ ಉಳಿದಿದ್ದ ಬಣ್ಣದ ಹಳೇ ಪ್ರಿಂಟನ್ನು ಇಟ್ಟುಕೊಂಡು ಜರ್ಮನಿಯವರು ಈಗ ಚಿತ್ರವನ್ನು ಸರಿಪಡಿಸಿದ್ದಾರೆ.

ಇನ್ನೊಂದು ತಮಾಷೆ. ಬಿಸಿಲಿಗೆ ರಕ್ತಪಿಶಾಚಿ ಸಾಯುತ್ತಾನೆ ಅನ್ನುವುದು ತೆರೆಗೆ ಬಂದಿದ್ದೇ ಈ ಚಿತ್ರದಿಂದ. ಬ್ರಾಮ್ ಸ್ಟೋಕರ್ ಬರೆದ 1897ರ ‘ಡ್ರಾಕುಲಾ’ ಕಾದಂಬರಿಯಲ್ಲಿ ರಕ್ತಪಿಶಾಚಿ ಡ್ರಾಕುಲಾ ಲಂಡನ್ ಬೀದಿಯಲ್ಲಿ ಹಗಲು ಹೊತ್ತೇ ಓಡಾಡುತ್ತಾನೆ, ಶಕ್ತಿ ಸ್ವಲ್ಪ ಕಮ್ಮಿ ಇರುತ್ತದೆ ಅಷ್ಟೆ.

‘ನೊಸ್ಫೆರಾಟು’ವಿನ ಕಥೆ ಆ ಕಾದಂಬರಿಯದ್ದೇ, ಆದರೆ ಚಿತ್ರ ಮಾಡಿದ ಪ್ರಾಣ ಫಿಲ್ಮ್ ಅನ್ನುವ ಪುಟ್ಟ ಕಂಪನಿ ಅದರ ಹಕ್ಕನ್ನು ಕೊಂಡಿರಲೇ ಇಲ್ಲ. ಡ್ರಾಕುಲಾನನ್ನು ಓರ್ಲಾಕ್ ಮಾಡಿದರು, ಲಂಡನ್ನನ್ನು ಜರ್ಮನಿಯ ಊರು ಮಾಡಿದರು, ಸಾಕು ಅಂದುಕೊಂಡರು. ಸ್ಟೋಕರ್ ಹೆಂಡತಿ ಫ್ಲಾರೆನ್ಸ್ ಬಿಡಲಿಲ್ಲ. ಕೇಸು ನಡೆಯುವಷ್ಟರಲ್ಲಿ ಕಂಪನಿ ದಿವಾಳಿ, ವಸೂಲಿಗೆ ಒಂದು ಕಾಸೂ ಇಲ್ಲ. 1925ರಲ್ಲಿ ಎಲ್ಲ ಪ್ರಿಂಟುಗಳನ್ನೂ ನಾಶ ಮಾಡಿ ಅಂತ ಕೋರ್ಟು ಹೇಳಿತು. ಅಷ್ಟರಲ್ಲಿ ಕೆಲವು ಪ್ರಿಂಟು ದೇಶ ದಾಟಿ ಆಗಿತ್ತು. ಕಾನೂನು ಫ್ಲಾರೆನ್ಸ್ ಕಡೆಗಿತ್ತು, ನ್ಯಾಯವೂ. ಆದರೂ ಅವರು ಪೂರ್ತಿ ಗೆಲ್ಲಲಿಲ್ಲವಲ್ಲ ಅಂತ ನನಗೆ ಒಳಗೊಳಗೇ ಖುಷಿ.

ಖುಷಿಗೆ ಕಾರಣ ಒಂದೇ ಒಂದು ದೃಶ್ಯ. ಕೊನೆಯಲ್ಲಿ ಓರ್ಲಾಕ್ ನಾಯಕಿಯ ಮನೆಯ ಮೆಟ್ಟಿಲು ಹತ್ತುತ್ತಾನೆ. ಅವನು ಕಾಣುವುದಿಲ್ಲ, ಗೋಡೆಯ ಮೇಲೆ ನೆರಳು ಮಾತ್ರ. ಗೂನುಬೆನ್ನು, ಉದ್ದ ಉಗುರು. ನೆರಳಿನ ಕೈ ಬಾಗಿಲ ಕಡೆ ಚಾಚಿಕೊಳ್ಳುತ್ತದೆ. ಆಮೇಲೆ ಅದೇ ಕೈಯ ನೆರಳು ಅವಳ ಬಿಳೀ ಬಟ್ಟೆಯ ಮೇಲೆ ಮೆಲ್ಲಗೆ ಹರಿದು ಎದೆಯ ಹತ್ತಿರ ಬಂದು ಮುಷ್ಟಿ ಕಟ್ಟುತ್ತದೆ. ಅವಳು ವಿಲವಿಲ ಅನ್ನುತ್ತಾಳೆ. ಮುಟ್ಟಿದ್ದು ನೆರಳು, ನೋವು ನಿಜ. ನಮ್ಮ ದೊಡ್ಡಮ್ಮನಿಗೆ ಮೊಬೈಲಲ್ಲಿ ಇದನ್ನು ತೋರಿಸಿದೆ. ಓರ್ಲಾಕ್ ಮೊದಲ ಸಲ ಬಂದಾಗ ‘ಪಾಪ, ಎಷ್ಟು ದಿನ ಆಯ್ತೋ ಊಟ ಮಾಡಿ’ ಅಂದವರು, ಆ ಕೈ ಮುಷ್ಟಿ ಕಟ್ಟಿದಾಗ ‘ಥೂ, ಆಫ್ ಮಾಡೋ’ ಅಂದರು.

ಪ್ರಶ್ನೆ: ‘ಡಾಕ್ಟರ್ ಕಾಲಿಗರಿ’ ಚಿತ್ರದಲ್ಲಿ ಬಾಗಿಲು, ಕಿಟಕಿ, ಮನೆ ಎಲ್ಲಾ ಸೊಟ್ಟ. ಸೆಟ್ ಹಾಕಿದ ಬಡಗಿ ಕುಡಿದಿದ್ದನಾ? (ಧಾರವಾಡ)

ಬಡಗಿ ಸರಿಯಾಗೇ ಇದ್ದ, ಪೇಂಟರುಗಳು ಹಾಗೆ ಬೇಕು ಅಂದಿದ್ದರು. 1920ರ ಫೆಬ್ರವರಿಯಲ್ಲಿ ಬರ್ಲಿನ್‌ನಲ್ಲಿ ಬಿಡುಗಡೆಯಾದ ಚಿತ್ರ ಅದು. ಹರ್ಮನ್ ವಾರ್ಮ್ ಮತ್ತು ಇನ್ನಿಬ್ಬರು ಕಲಾವಿದರು ಊರನ್ನೆಲ್ಲ ಕ್ಯಾನ್ವಾಸಿನ ಮೇಲೆ ಬರೆದರು. ಸರಿಯಾಗಿ ನೋಡಿ, ನೆಲದ ಮೇಲಿನ ಎಷ್ಟೋ ನೆರಳುಗಳೂ ಬಣ್ಣ ಬಳಿದದ್ದೇ. ದೀಪ ಎಲ್ಲಿಟ್ಟರೂ ಆ ನೆರಳು ಕದಲುವುದಿಲ್ಲ. ನಮ್ಮ ಕಂಪನಿ ನಾಟಕದ ಪರದೆ ಇದ್ದ ಹಾಗೆ, ಆದರೆ ಬರೆದವನಿಗೆ ಜ್ವರ ಬಂದಿರಬೇಕು. ಅದು ಯಾಕೆ ಹಾಗೆ ಅನ್ನುವುದಕ್ಕೆ ಚಿತ್ರದ ಕೊನೆಯಲ್ಲೇ ಉತ್ತರ ಇದೆ, ನೋಡದವರ ಬೈಗುಳ ತಿನ್ನಲು ನಾನು ತಯಾರಿಲ್ಲ.

ಪ್ರಶ್ನೆ: ಫ್ರಾಂಕೆನ್‌ಸ್ಟೈನ್ ಅನ್ನೋದು ಆ ರಾಕ್ಷಸನ ಹೆಸರು ಅಲ್ವಾ? (ಮಂಡ್ಯ)

ಅಲ್ಲ, ಅವನನ್ನು ಮಾಡಿದವನ ಹೆಸರು. ರಾಕ್ಷಸನಿಗೆ ನಾಮಕರಣವೇ ಆಗಿಲ್ಲ. 1931ರ ಚಿತ್ರದ ಶುರುವಿನಲ್ಲಿ ಆ ಪಾತ್ರ ಮಾಡಿದವರ ಹೆಸರಿನ ಜಾಗದಲ್ಲೂ ಬರೀ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿದ್ದರು. ದಿನಾ ಗಂಟೆಗಟ್ಟಲೆ ಕೂತು ಮೇಕಪ್ ಹಾಕಿಸಿಕೊಂಡ ಬೋರಿಸ್ ಕಾರ್ಲಾಫ್ ಹೆಸರು ಬಂದಿದ್ದು ಸಿನಿಮಾ ಮುಗಿದ ಮೇಲೆ.

ಅದಕ್ಕೂ ಮುಂಚೆ, 1910ರಲ್ಲೇ, ಎಡಿಸನ್ ಸ್ಟುಡಿಯೋದವರು ಇದೇ ಕಥೆಯ ಪುಟ್ಟ ಚಿತ್ರ ಮಾಡಿದ್ದರು. ಕೊಪ್ಪರಿಗೆಯಿಂದ ರಾಕ್ಷಸ ಹುಟ್ಟಬೇಕು. ಏನು ಮಾಡಿದರು ಗೊತ್ತಾ? ಒಂದು ಗೊಂಬೆ ಮಾಡಿ ಬೆಂಕಿ ಹಚ್ಚಿದರು. ಅದು ಉರಿದು ಕರಗುವುದನ್ನು ತೆಗೆದು, ರೀಲನ್ನು ಉಲ್ಟಾ ಓಡಿಸಿದರು. ತೆರೆಯ ಮೇಲೆ ಹೊಗೆಯ ನಡುವೆ ಮೂಳೆಗೆ ಮಾಂಸ ಬಂದು ಮೆತ್ತಿಕೊಳ್ಳುತ್ತದೆ, ತೋಳು ತಾನಾಗೇ ಮೇಲೇಳುತ್ತದೆ. ಇವತ್ತಿಗೂ ಮೈ ಜುಂ ಅನ್ನುತ್ತದೆ.

ಪ್ರಶ್ನೆ: ಆ ಕಾಲದಲ್ಲಿ ಡಬ್ಬಿಂಗ್ ಇರಲಿಲ್ವಾ? (ಬೆಂಗಳೂರು)

ಕನ್ನಡದವರಿಗೆ ಮಾತ್ರ ಹೊಳೆಯುವ ಪ್ರಶ್ನೆ! ಈ ವಿಷಯಕ್ಕೆ ನಾವು ಆಡಿರುವ ಜಗಳ ಒಂದೆರಡಲ್ಲ. ಟಾಕಿ ಶುರುವಾದಾಗ ಡಬ್ಬಿಂಗ್ ಇನ್ನೂ ಹದಕ್ಕೆ ಬಂದಿರಲಿಲ್ಲ. ಅದಕ್ಕೇ 1931ರ ‘ಡ್ರಾಕುಲಾ’ವನ್ನು ಯೂನಿವರ್ಸಲ್‌ನವರು ಎರಡು ಸಲ ತೆಗೆದರು. ಹಗಲು ಬೆಲಾ ಲುಗೋಸಿ ಇಂಗ್ಲಿಷಿನಲ್ಲಿ. ಅವರು ಮನೆಗೆ ಹೋದ ಮೇಲೆ ರಾತ್ರಿಯಿಡೀ ಅದೇ ಸೆಟ್ಟಲ್ಲಿ ಬೇರೆ ನಟರು ಸ್ಪ್ಯಾನಿಷಿನಲ್ಲಿ. ರಾತ್ರಿ ಪಾಳಿಯ ನಿರ್ದೇಶಕ ಜಾರ್ಜ್ ಮೆಲ್ಫರ್ಡ್‌ಗೆ ಸ್ಪ್ಯಾನಿಷ್ ಬರುತ್ತಿರಲಿಲ್ಲ. ಆದರೂ ರಾತ್ರಿಯ ಚಿತ್ರವೇ ವಾಸಿ ಅನ್ನುವವರು ತುಂಬಾ ಜನ. ನನ್ನ ಓಟೂ ಅದಕ್ಕೇ, ಲುಗೋಸಿಯ ಕಣ್ಣು ಒಂದನ್ನು ಬಿಟ್ಟು.

ಪ್ರಶ್ನೆ: ಈ ಜರ್ಮನ್ ನೆರಳು ನಮ್ಮ ದೇಶಕ್ಕೂ ಬಂತಾ? (ಮೈಸೂರು)

ಬಂತು, ಮನುಷ್ಯನ ರೂಪದಲ್ಲೇ ಬಂತು. ಮ್ಯೂನಿಕ್‌ನ ಕ್ಯಾಮೆರಾಮನ್ ಜೋಸೆಫ್ ವಿರ್ಶಿಂಗ್ 1920ರ ದಶಕದಲ್ಲಿ ಒಂದು ಸಿನಿಮಾಕ್ಕೆ ಅಂತ ಭಾರತಕ್ಕೆ ಬಂದವರು, ಮುಂದೆ ಬಾಂಬೆ ಟಾಕೀಸ್ ಸೇರಿ ಇಲ್ಲೇ ನೆಲೆಸಿದರು. ಯುದ್ಧದ ಕಾಲದಲ್ಲಿ ಜರ್ಮನ್ ಅಂತ ಬ್ರಿಟಿಷರು ಅವರನ್ನು ಬಂಧನದಲ್ಲಿ ಇಟ್ಟಿದ್ದರು. 1949ರ ‘ಮಹಲ್’ ಚಿತ್ರದ ಕ್ಯಾಮೆರಾ ಅವರದ್ದೇ. ಪಾಳುಬಂಗಲೆಯಲ್ಲಿ ಅಶೋಕ್ ಕುಮಾರ್, ತೂಗುವ ದೀಪ, ಉಯ್ಯಾಲೆಯ ಮೇಲೆ ಮಧುಬಾಲಾ. ಅಲ್ಲಿ ದೆವ್ವಕ್ಕಿಂತ ಬೆಳಕೇ ಜಾಸ್ತಿ ಹೆದರಿಸುತ್ತದೆ. ನಮ್ಮ ‘ನಾ ನಿನ್ನ ಬಿಡಲಾರೆ’ ಬರುವುದಕ್ಕೆ ಇನ್ನೂ ಮೂವತ್ತು ವರ್ಷ ಬಾಕಿ ಇತ್ತು.

ಪ್ರಶ್ನೆ: ಯಾವುದನ್ನು ಮೊದಲು ನೋಡಲಿ? ರಾತ್ರಿ ಒಬ್ಬನೇ ನೋಡಬಹುದಾ? (ಪುತ್ತೂರು)

ಧಾರಾಳವಾಗಿ ನೋಡಿ. ‘ನೊಸ್ಫೆರಾಟು’ವಿನಿಂದ ಶುರು ಮಾಡಿ. ಆದರೆ ಮೊದಲು ಸ್ವಲ್ಪ ಮುಂದಕ್ಕೆ ಓಡಿಸಿ ಪಿಶಾಚಿ ಹೊರಗೆ ಬರುವ ಜಾಗಕ್ಕೆ ಹೋಗಿ. ತೆರೆ ನೀಲಿ ಇದ್ದರೆ ಲೈಟ್ ಆರಿಸಿ ಕೂತುಕೊಳ್ಳಿ. ಇಲ್ಲದಿದ್ದರೆ ಬೇರೆ ಕಾಪಿ ಹುಡುಕಿ.