ಸಬ್ಸಿಡಿ ಇಲ್ಲದೆ ಆಫ್ರಿಕಾದ ಹಳ್ಳಿಗಳು ಬಯಲು ಶೌಚ ಬಿಡುವುದು ಹೇಗೆ?

ಜಾಂಬಿಯಾದಲ್ಲಿ ಕೆಲಸಕ್ಕೆ ಹೊರಟಿದ್ದೀರಿ; ಹಣ ಕೊಡದೆ ಜನರೇ ಶೌಚಾಲಯ ಕಟ್ಟಿಕೊಳ್ಳುತ್ತಾರೆಯೇ, ಅದು ಉಳಿಯುತ್ತದೆಯೇ ಎಂದು ಕೇಳಿದ್ದೀರಿ. ಕಟ್ಟಿಕೊಳ್ಳುತ್ತಾರೆ. ಉಳಿಯುವುದು ಮಾತ್ರ ಶೌಚಾಲಯದ ಗುಂಡಿಯ ಮೇಲೆ ನಿಂತಿದೆ, ಊರಿನವರನ್ನು ಸೇರಿಸಿ ನಡೆಸುವ ಮೊದಲ ದಿನದ ಸಭೆಯ ಮೇಲಲ್ಲ.

ಹಣ ಕೊಡದೆ ಊರಿನವರೇ ಸೇರಿ ಬಯಲು ಶೌಚ ನಿಲ್ಲಿಸುವ ಈ ಪದ್ಧತಿಗೆ ಸಿಎಲ್‌ಟಿಎಸ್ (ಸಮುದಾಯವೇ ಮುನ್ನಡೆಸುವ ಸಂಪೂರ್ಣ ನೈರ್ಮಲ್ಯ) ಎಂದು ಹೆಸರು. ಇದನ್ನು 2000ದ ಸುಮಾರಿಗೆ ಬಾಂಗ್ಲಾದೇಶದಲ್ಲಿ ರೂಪಿಸಿದವರು ಭಾರತದ ಅಭಿವೃದ್ಧಿ ಸಲಹೆಗಾರ ಕಮಲ್ ಕರ್. 2007ರಲ್ಲಿ ಜಾಂಬಿಯಾದ ಚೋಮಾ ಜಿಲ್ಲೆಗೆ ಬಂತು. ಅಲ್ಲಿ ಚೀಫ್ (ಸಾಂಪ್ರದಾಯಿಕ ಮುಖ್ಯಸ್ಥ) ಮಾಚಾ ತಾವೇ ಮುಂದೆ ನಿಂತದ್ದರಿಂದ ಬೇಗ ಹರಡಿತು. ಹಾಗಾಗಿ ಮೊದಲು ಚೀಫ್ ಮತ್ತು ಊರಿನ ಹಿರಿಯರನ್ನು ನೋಡಿ. ಬೇರೆ ಸಂಸ್ಥೆ ಈಚೆಗೆ ಉಚಿತವಾಗಿ ಶೌಚಾಲಯ ಹಂಚಿದ ಊರಿನಿಂದ ಶುರು ಮಾಡಬೇಡಿ, ಅಲ್ಲಿ ಜನ ಮುಂದಿನ ಸಂಸ್ಥೆಗೆ ಕಾಯುತ್ತಿರುತ್ತಾರೆ.

ಸಭೆಯಲ್ಲಿ ಜನರೇ ನೆಲದ ಮೇಲೆ ಊರಿನ ನಕ್ಷೆ ಬರೆಯಲಿ. ಬಯಲಿಗೆ ಹೋಗುವ ಜಾಗಗಳಿಗೆ ಬೂದಿ ಹಾಕಲಿ. ಮಳೆ ಬಂದರೆ ಇದು ಎಲ್ಲಿಗೆ ಹರಿಯುತ್ತದೆ ಎಂದು ಕೇಳಿ ಸುಮ್ಮನಿರಿ. ಆಮೇಲೆ ಒಂದು ಲೋಟ ಶುದ್ಧ ನೀರನ್ನು ಯಾರಿಗಾದರೂ ಕುಡಿಯಲು ಕೊಡಿ. ಒಂದು ಕೂದಲು ಕಿತ್ತು, ಮಲಕ್ಕೆ ತಾಗಿಸಿ, ಅದೇ ನೀರಿನಲ್ಲಿ ಅದ್ದಿ ಮತ್ತೆ ಮುಂದೆ ಹಿಡಿಯಿರಿ. ಕುಡಿಯುವುದಿಲ್ಲ. ಹಾಗಾದರೆ ನೊಣಕ್ಕೆ ಎಷ್ಟು ಕಾಲು, ಅದು ಎಲ್ಲಿಂದ ಎದ್ದು ನಿಮ್ಮ ನ್ಶಿಮಾ (ಮೆಕ್ಕೆಜೋಳದ) ಮುದ್ದೆಯ ಮೇಲೆ ಕೂರುತ್ತದೆ ಎಂದು ಕೇಳಿ. ಉಪದೇಶ ಬೇಡ. ಯಾರ ಮನೆ, ಯಾವ ತಾರೀಖಿನೊಳಗೆ ಎಂದು ಅವರೇ ಬರೆದುಕೊಳ್ಳಲಿ. ಯಾರೊಬ್ಬರನ್ನೂ ಹೆಸರು ಹಿಡಿದು ಅವಮಾನಿಸಕೂಡದು. ಒಂಟಿ ಮುದುಕಿಗೆ, ಅಂಗವಿಕಲರಿಗೆ ಗುಂಡಿ ಯಾರು ತೋಡಿಕೊಡುತ್ತಾರೆ ಎಂಬುದು ಅಂದೇ ತೀರ್ಮಾನವಾಗಬೇಕು.

ಇನ್ನು ಗುಂಡಿ. ಸುಮಾರು 1 ಮೀಟರ್ ಅಗಲ, 2ರಿಂದ 3 ಮೀಟರ್ ಆಳ, ದುಂಡಗೆ. ಚೌಕದ ಗುಂಡಿಯ ಗೋಡೆ ಬೇಗ ಕುಸಿಯುತ್ತದೆ. ಬಾವಿಯಿಂದ ಕನಿಷ್ಠ 30 ಮೀಟರ್ ದೂರವಿರಲಿ. ಗುಂಡಿಯ ತಳ ಮಳೆಗಾಲದ ಅಂತರ್ಜಲಕ್ಕಿಂತ 1.5 ಮೀಟರಾದರೂ ಮೇಲಿರಲಿ. ಮರಳು ನೆಲವಾದರೆ ಇಟ್ಟಿಗೆ ಅಥವಾ ತಳ ತೆಗೆದ ಹಳೇ ಡ್ರಮ್ಮಿನಿಂದ ಒಳಗೋಡೆ ಕೊಡಲೇಬೇಕು, ಇಲ್ಲವಾದರೆ ಮೊದಲ ಮಳೆಗೇ ಹೋಗುತ್ತದೆ. ಗುಂಡಿಯ ಮೇಲೆ ಹಾಸಿದ ಮರದ ತೊಲೆಗಳನ್ನು ಗೆದ್ದಲು ತಿನ್ನುತ್ತದೆ. ಮೇಲಿಂದ ಗಟ್ಟಿಯಾಗಿ ಕಾಣುತ್ತಲೇ ಒಳಗೆ ಟೊಳ್ಳಾಗುವುದರಿಂದ ಇದು ಅಪಾಯ. ಪ್ರತಿ ಮಳೆಗಾಲಕ್ಕೆ ಮುಂಚೆ ತೊಲೆಗಳನ್ನು ಚುಚ್ಚಿ ನೋಡಬೇಕು. ಸುತ್ತ ಮಣ್ಣು ಏರಿಸಿ ಮಳೆನೀರು ತಿರುಗಿಸಿ. ರಂಧ್ರಕ್ಕೆ ಉದ್ದ ಹಿಡಿಯ ಮುಚ್ಚಳ ಬೇಕು. ಅದಿಲ್ಲದಿದ್ದರೆ ನೊಣಗಳ ಮಟ್ಟಿಗೆ ಬಯಲಿಗೂ ಗುಂಡಿಗೂ ವ್ಯತ್ಯಾಸವಿಲ್ಲ.

ಕೈತೊಳೆಯಲು ಟಿಪ್ಪಿ ಟ್ಯಾಪ್, ಅಂದರೆ ಕಾಲಿನಿಂದ ಕೋಲು ಒತ್ತಿದರೆ ತೂಗುಹಾಕಿದ ಕ್ಯಾನ್ ಬಾಗಿ ನೀರು ಸುರಿಯುವ ಏರ್ಪಾಡು: 5 ಲೀಟರ್ ಕ್ಯಾನಿನ ಮೇಲ್ಭಾಗದಲ್ಲಿ ಕಾಯಿಸಿದ ಮೊಳೆಯಿಂದ ಒಂದು ತೂತು, ಎರಡು ಕವೆಗೋಲು, ಅಡ್ಡಕೋಲು, ಹಗ್ಗ ಕಟ್ಟಿದ ಕಾಲುಕೋಲು. ನೀರು ಬೀಳುವಲ್ಲಿ ಜಲ್ಲಿ ಹಾಕಿ. ಮೊದಲು ಮಾಯವಾಗುವುದು ಸೋಪು. ಪಕ್ಕದಲ್ಲಿ ಒಂದು ಡಬ್ಬ ಬೂದಿ ಇಟ್ಟಿರಿ.

2013ರಲ್ಲಿ ಪ್ಲಾನ್ ಇಂಟರ್‌ನ್ಯಾಷನಲ್ ಎಂಬ ನೆರವು ಸಂಸ್ಥೆ ಈ ಪದ್ಧತಿಯಿಂದ ಬಯಲು ಶೌಚ ಬಿಟ್ಟಿದ್ದ ಇಥಿಯೋಪಿಯಾ, ಕೀನ್ಯಾ, ಉಗಾಂಡಾ, ಸಿಯೆರಾ ಲಿಯೋನ್ ಹಳ್ಳಿಗಳಿಗೆ ಮತ್ತೆ ಹೋಗಿ ನೋಡಿಸಿತು: 87% ಮನೆಗಳಲ್ಲಿ ಶೌಚಾಲಯ ಬಳಕೆಗೆ ಯೋಗ್ಯವಾಗಿತ್ತು. ಆದರೆ ಮುಚ್ಚಳ, ಕೈತೊಳೆಯುವ ನೀರು, ಸೋಪು ಅಥವಾ ಬೂದಿ ಮುಂತಾದ ಎಲ್ಲವನ್ನೂ ಸೇರಿಸಿ ಅಳೆದಾಗ 92% ಮನೆಗಳು ಹಿಂದೆ ಬಿದ್ದಿದ್ದವು. ನಿಮ್ಮ ಬಜೆಟ್ಟಿನಲ್ಲಿ ಸಭೆಗಿಂತ ಹೆಚ್ಚು ಹಣವನ್ನು ಸಭೆಯ ನಂತರದ ಮನೆಭೇಟಿಗಳಿಗೆ ಇಡಿ, ಮೊದಲ ಮಳೆಗಾಲ ಮುಗಿದ ಮೇಲಿನ ಒಂದು ಸುತ್ತನ್ನೂ ಸೇರಿಸಿ.